ವೇದದಲ್ಲಿ ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದಿದೆಯೇ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕೋಪರ್ನಿಕಸ್ ಬಗ್ಗೆ ಹೇಳುತ್ತಿದ್ದಾಗ ಒಬ್ಬ ಹುಡುಗ, "ಇದನ್ನ ಋಗ್ವೇದ ಮೊದಲೇ ಹೇಳಿದೆ ಮಿಸ್" ಎಂದ. ಮರುದಿನ ಮನೆಯವರ ಮೊಬೈಲಿಗೆ ಬಂದಿದ್ದ ಮೆಸೇಜನ್ನು ಬರೆದುಕೊಂಡು ಬಂದ. ಅದರಲ್ಲಿ ಕೆಲವು ಮಂತ್ರಗಳೂ ಅವುಗಳ ಅರ್ಥವೂ ಇದ್ದವು. ಇನ್ನೊಬ್ಬ ಹುಡುಗಿ, "ಸೂರ್ಯನೇ ಮೇರು ಪರ್ವತ ಸುತ್ತುತ್ತಾನೆ ಅಂತ ನಮ್ಮಜ್ಜಿ ಹೇಳ್ತಾರೆ" ಎಂದಳು. ಯಾವುದು ಸರಿ? ಮಕ್ಕಳ ಮನಸ್ಸಿಗೆ ನೋವಾಗದ ಹಾಗೆ ಏನು ಹೇಳಲಿ?

ಉತ್ತರ: ನಮಸ್ಕಾರ ಮೇಡಂ. ಮೊದಲು ನಿಮ್ಮ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ, ವಿವರಕ್ಕೆ ಆಮೇಲೆ ಬರುತ್ತೇನೆ. ಸೂರ್ಯ ನಡುವೆ ಇದ್ದಾನೆ, ಭೂಮಿ ವರ್ಷಕ್ಕೊಂದು ಸಲ ಅವನನ್ನು ಸುತ್ತಿ ಬರುತ್ತದೆ ಎಂಬ ಮಾತು ವೇದದಲ್ಲಿ ಇಲ್ಲ. ಪುರಾಣಗಳಲ್ಲಿ ಲೋಕದ ಒಂದು ಚಿತ್ರ ಇದೆ, ಅದರಲ್ಲಿ ಸೂರ್ಯನೇ ತಿರುಗುತ್ತಾನೆ. ಆ ಹುಡುಗಿಯ ಅಜ್ಜಿ ಹೇಳಿದ್ದು ಪುರಾಣದ ಮಟ್ಟಿಗೆ ಸರಿಯಾಗಿಯೇ ಇದೆ. ಇವೆರಡನ್ನೂ ಬಿಟ್ಟು ಮೂರನೆಯದೊಂದು ಪರಂಪರೆ ನಮ್ಮಲ್ಲಿತ್ತು. ಅದು ಗಣಿತ ಮಾಡುವವರದು, ಆಕಾಶ ನೋಡುವವರದು. ಈ ಮೆಸೇಜುಗಳಲ್ಲಿ ಅವರ ಹೆಸರೇ ಬರುವುದಿಲ್ಲ. ನನಗೆ ಸಂಕಟ ಆಗುವುದು ಅಲ್ಲೇ.

ನೀವು ಆ ಮೆಸೇಜಿನ ಮಂತ್ರಗಳನ್ನು ಪತ್ರದಲ್ಲಿ ಬರೆದು ಕಳಿಸಿದ್ದೀರಿ. ಮುಖ್ಯವಾದವನ್ನು ನೋಡೋಣ.

ಮೊದಲನೆಯದು "ಆ ಕೃಷ್ಣೇನ ರಜಸಾ ವರ್ತಮಾನಃ". ಋಗ್ವೇದದ ಮೊದಲ ಮಂಡಲ, 35ನೇ ಸೂಕ್ತ, ಎರಡನೇ ಮಂತ್ರ. ನವಗ್ರಹ ಪೂಜೆ ಮಾಡಿಸಿದ ಮನೆಯವರೆಲ್ಲ ಇದನ್ನು ಕೇಳಿರುತ್ತಾರೆ, ಸೂರ್ಯನಿಗೆ ಹೇಳುವ ಮಂತ್ರ ಇದೇ. "ಆ ಕೃಷ್ಣೇನ" ಅಂದರೆ ಆಕರ್ಷಣೆ, ಸೂರ್ಯ ತನ್ನ ಸೆಳೆತದಿಂದ ಲೋಕಗಳನ್ನು ಹಿಡಿದಿಟ್ಟಿದ್ದಾನೆ ಎಂದು ಮೆಸೇಜು ಹೇಳುತ್ತದೆ. ಆದರೆ ವೇದವನ್ನು ಒಂದಕ್ಷರ ತಪ್ಪದಂತೆ ಉಳಿಸಿಕೊಂಡು ಬಂದವರು ಪದಪಾಠ ಎಂಬುದನ್ನೂ ಉಳಿಸಿಕೊಂಡು ಬಂದಿದ್ದಾರೆ. ಅದರಲ್ಲಿ ಪ್ರತಿ ಪದವನ್ನೂ ಬಿಡಿಸಿ ಹೇಳುತ್ತಾರೆ. ಅಲ್ಲಿ "ಆ" ಬೇರೆ, "ಕೃಷ್ಣೇನ" ಬೇರೆ. ಕೃಷ್ಣ ಎಂದರೆ ಇಲ್ಲಿ ಕಪ್ಪು, ಕತ್ತಲೆ ತುಂಬಿದ ಆಕಾಶದ ದಾರಿ. ಆ ದಾರಿಯಲ್ಲಿ ಸುತ್ತಿ ಬರುತ್ತಾ, ದೇವತೆಗಳನ್ನೂ ಮನುಷ್ಯರನ್ನೂ ಅವರವರ ನೆಲೆಯಲ್ಲಿ ನಿಲ್ಲಿಸುತ್ತಾ, ಸವಿತೃ ದೇವ (ಸೂರ್ಯನೇ) ಚಿನ್ನದ ರಥದಲ್ಲಿ ಲೋಕಗಳನ್ನು ನೋಡುತ್ತಾ ಬರುತ್ತಾನೆ. ಇದು ಮಂತ್ರದ ಮಾತು. ಎಷ್ಟು ಚೆನ್ನಾಗಿದೆ ನೋಡಿ! ಬೆಳಗಾಗುವುದನ್ನು ಕಾದು ಕೂತವನು ಕಂಡ ಸೂರ್ಯ ಇವನು.

ಸಂಶಯ ಇದ್ದರೆ ಮುಂದಿನ ಮಂತ್ರ ಓದಿ ಸಾಕು. ಆ ದೇವ ಇಳಿಜಾರಿನ ದಾರಿಯಲ್ಲೂ ಹೋಗುತ್ತಾನೆ, ಏರುದಾರಿಯಲ್ಲೂ ಹೋಗುತ್ತಾನೆ ಎಂದಿದೆ. ಅದೇ ಸೂಕ್ತದ ಒಂಬತ್ತನೇ ಮಂತ್ರದಲ್ಲಿ ಸವಿತೃ ಆಕಾಶ ಮತ್ತು ಭೂಮಿಯ ನಡುವೆ ಸಂಚರಿಸುತ್ತಾನೆ. ಹಾಗಾದರೆ ಈ ಸೂಕ್ತದಲ್ಲಿ ಚಲಿಸುತ್ತಿರುವವನು ಸೂರ್ಯನೇ ಅಲ್ವಾ? ಒಂದೇ ಸಾಲನ್ನು ಕಿತ್ತು ತಂದಾಗ ಇದು ಕಾಣುವುದಿಲ್ಲ.

ಎರಡನೆಯದು ಹತ್ತನೇ ಮಂಡಲದ 189ನೇ ಸೂಕ್ತದ "ಆಯಂ ಗೌಃ ಪೃಶ್ನಿರಕ್ರಮೀತ್". ಇಲ್ಲಿ "ಗೌಃ" ಎಂದರೆ ಭೂಮಿ, ಅದು ಸೂರ್ಯನ ಸುತ್ತ ಹೆಜ್ಜೆ ಹಾಕುತ್ತದೆ ಎಂಬ ವಾದ. ಆ ಪದಕ್ಕೆ ಹಸು, ಎತ್ತು, ಕಿರಣ, ಭೂಮಿ ಎಂದು ಹಲವು ಅರ್ಥ ಇರುವುದು ನಿಜ. ಆದರೆ ಈ ಮಂತ್ರದಲ್ಲಿ ಬಣ್ಣದ ಮಚ್ಚೆಯ ಆ ಎತ್ತು ಮೂಡಣದಲ್ಲಿ ತಾಯಿಯ ಬಳಿ ಬಂದು, ಅಲ್ಲಿಂದ ತಂದೆಯಾದ ಆಕಾಶದ ಕಡೆಗೆ ಹೊರಡುತ್ತದೆ. ತಾಯಿ ಎಂದರೆ ಭೂಮಿ, ತಂದೆ ಎಂದರೆ ಆಕಾಶ ಎಂಬುದು ಋಗ್ವೇದದ ಉದ್ದಕ್ಕೂ ಬರುವ ಮಾತು. ಸೂರ್ಯ ಹುಟ್ಟಿ ಮೇಲೇರುವ ಚಿತ್ರ ಇದು. ವೇದಗಳಿಗೆ ಭಾಷ್ಯ ಬರೆದ ಸಾಯಣಾಚಾರ್ಯರೂ ಇದನ್ನು ಸೂರ್ಯ ಎಂದೇ ತೆಗೆದುಕೊಂಡಿದ್ದಾರೆ.

ಈ ಎರಡು ಮಂತ್ರಗಳಿಗೆ ಹೊಸ ಅರ್ಥ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಆರ್ಯ ಸಮಾಜದ ಸ್ವಾಮಿ ದಯಾನಂದ ಸರಸ್ವತಿಯವರು 1870ರ ದಶಕದಲ್ಲಿ ಬರೆದ ಋಗ್ವೇದಾದಿಭಾಷ್ಯಭೂಮಿಕೆಯಲ್ಲಿ ಭೂಮಿಯ ಭ್ರಮಣ, ಆಕರ್ಷಣೆ ಎಂಬ ವಿಷಯಗಳ ಅಡಿಯಲ್ಲಿ ಇವನ್ನು ಹಾಗೆ ಬಿಡಿಸಿದರು. ಅದು ಎಂಥ ಕಾಲ ಎಂದು ಯೋಚಿಸಿ. ಆಳುವವರು ನಿಮ್ಮ ಗ್ರಂಥಗಳೆಲ್ಲ ಬರೀ ಮೂಢನಂಬಿಕೆ ಎನ್ನುತ್ತಿದ್ದರು. ಶಾಲೆಗಳಲ್ಲಿ ಕೋಪರ್ನಿಕಸ್, ನ್ಯೂಟನ್ ಪಾಠ ಬಂದಿತ್ತು. ವೇದ ಎಲ್ಲ ನಿಜವಾದ ಅರಿವಿನ ಮೂಲ ಎಂದು ದಯಾನಂದರು ಪೂರ್ಣ ಮನಸ್ಸಿನಿಂದ ನಂಬಿದ್ದರು. ಅವರ ಕಳಕಳಿಯ ಮೇಲೆ ನನಗೆ ಗೌರವ ಇದೆ. ಆದರೆ ಅದು ಹತ್ತೊಂಬತ್ತನೇ ಶತಮಾನದ ಓದು. ಭೂಮಿ ಸುತ್ತುತ್ತದೆ ಎಂದು ಬೇರೆ ಕಡೆಯಿಂದ ತಿಳಿದ ಮೇಲೆ ಮಂತ್ರದಲ್ಲಿ ಅದನ್ನು ಕಂಡದ್ದು. ಮಂತ್ರ ಓದಿ ಭೂಮಿ ಸುತ್ತುತ್ತದೆ ಎಂದು ತಿಳಿದದ್ದಲ್ಲ.

ಸಾಯಣರ ಹೆಸರು ಬಂತು, ಅವರ ಬಗ್ಗೆ ಒಂದು ಮಾತು ಹೇಳಲೇಬೇಕು, ಅವರು ನಮ್ಮ ನೆಲದವರು. ಹದಿನಾಲ್ಕನೇ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಮಂತ್ರಿಯಾಗಿದ್ದುಕೊಂಡು ವೇದಗಳಿಗೆ ಭಾಷ್ಯ ಬರೆಸಿದವರು, ಬರೆದವರು. ಮೊದಲ ಮಂಡಲದ 50ನೇ ಸೂಕ್ತಕ್ಕೆ ಅರ್ಥ ಹೇಳುವಾಗ ಅವರು ಒಂದು ಹಳೆಯ ಶ್ಲೋಕ ಉದ್ಧರಿಸುತ್ತಾರೆ: ಅರ್ಧ ನಿಮಿಷದಲ್ಲಿ (ಇಲ್ಲಿ ನಿಮಿಷ ಎಂದರೆ ರೆಪ್ಪೆ ಮಿಟುಕಿಸುವ ಹೊತ್ತು, ಯೋಜನ ಎಂದರೆ ದೂರದ ಹಳೆಯ ಅಳತೆ) 2202 ಯೋಜನ ಸಾಗುವವನೇ, ನಿನಗೆ ನಮಸ್ಕಾರ. ಇದು ಬೆಳಕಿನ ವೇಗ ಎಂದು ಎಲ್ಲ ಕಡೆ ಓಡಾಡುತ್ತಿದೆ. ಆ ಲೆಕ್ಕ ಕೂಡಬೇಕಾದರೆ ಯೋಜನಕ್ಕೆ ಸುಮಾರು 14 ಕಿಲೋಮೀಟರಿಗಿಂತ ಜಾಸ್ತಿ ಹಿಡಿಯಬೇಕು. ಆರ್ಯಭಟ ಭೂಮಿಯ ವ್ಯಾಸ 1050 ಯೋಜನ ಎನ್ನುತ್ತಾನೆ, ಹಾಗಾದರೆ ಅವನ ಯೋಜನ ಸುಮಾರು 12 ಕಿಲೋಮೀಟರ್. ಭಾಸ್ಕರಾಚಾರ್ಯರು ಸುಮಾರು 1581 ಯೋಜನ ಎನ್ನುತ್ತಾರೆ, ಅವರದು 8 ಕಿಲೋಮೀಟರ್. ಯಾರ ಯೋಜನ ಬೇಕಾದರೂ ಆರಿಸಿಕೊಳ್ಳಬಹುದಾದರೆ ಯಾವ ಸಂಖ್ಯೆ ಬೇಕಾದರೂ ಬರುತ್ತದೆ. ನಮ್ಮ ಪ್ರಶ್ನೆಗೆ ಬೇಕಾದ ವಿಷಯ ಬೇರೆ ಇದೆ. ಆ ಶ್ಲೋಕ ಸೂರ್ಯನನ್ನೇ ಮಾತಾಡಿಸುತ್ತಿದೆ, ಸಾಗುತ್ತಿರುವವನು ಎಂದು ಕರೆಯುತ್ತಿದೆ. ನಾಲ್ಕು ವೇದಗಳ ಒಳಹೊರಗು ತಿಳಿದಿದ್ದ ಸಾಯಣರ ಮನಸ್ಸಿನಲ್ಲಿ ಸೂರ್ಯ ಓಡುತ್ತಿದ್ದ, ಭೂಮಿ ನಿಂತಿತ್ತು.

ಮೂರನೆಯದು ಇವೆಲ್ಲಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. "ಸೂರ್ಯ ಎಂದೂ ಮುಳುಗುವುದಿಲ್ಲ, ಎಂದೂ ಹುಟ್ಟುವುದಿಲ್ಲ." ಋಗ್ವೇದಕ್ಕೆ ಸೇರಿದ, ಯಾಗಗಳನ್ನು ವಿವರಿಸುವ ಐತರೇಯ ಬ್ರಾಹ್ಮಣ ಎಂಬ ಗ್ರಂಥದಲ್ಲಿ ಈ ಮಾತು ಖಂಡಿತ ಇದೆ. ಮೊದಲ ಸಲ ಕೇಳಿದವರಿಗೆ, ಅರೆ, ಭೂಮಿ ತಿರುಗುವುದು ಗೊತ್ತಿಲ್ಲದೆ ಹೀಗೆ ಹೇಳಲು ಸಾಧ್ಯವೇ ಎನಿಸುತ್ತದೆ. ಆದರೆ ಗ್ರಂಥ ಅಲ್ಲಿಗೇ ನಿಲ್ಲುವುದಿಲ್ಲ, ಹೇಗೆ ಎಂದು ತಾನೇ ವಿವರಿಸುತ್ತದೆ. ಜನ ಅವನು ಮುಳುಗಿದ ಎಂದುಕೊಳ್ಳುತ್ತಾರೆ. ನಿಜವಾಗಿ ಅವನು ಹಗಲಿನ ಕೊನೆ ತಲುಪಿ ತನ್ನನ್ನು ತಾನೇ ಮಗುಚಿಕೊಳ್ಳುತ್ತಾನೆ. ಆಗ ಕೆಳಗೆ ರಾತ್ರಿ, ಆಚೆ ಹಗಲು. ರಾತ್ರಿಯ ಕೊನೆ ತಲುಪಿದಾಗ ಮತ್ತೆ ಮಗುಚಿಕೊಳ್ಳುತ್ತಾನೆ. ಆಗ ಕೆಳಗೆ ಹಗಲು, ಆಚೆ ರಾತ್ರಿ. ಅಂದರೆ ಸೂರ್ಯನಿಗೆ ಒಂದು ಬೆಳಕಿನ ಮುಖ, ಒಂದು ಕಪ್ಪು ಮುಖ. ಋಗ್ವೇದದಲ್ಲೂ (1.115.5) ಸೂರ್ಯನ ಒಂದು ರೂಪ ಹೊಳೆಯುವುದು, ಇನ್ನೊಂದು ಕಪ್ಪು ಎಂಬ ಮಾತಿದೆ. ರಾತ್ರಿ ಸೂರ್ಯ ಎಲ್ಲಿ ಹೋಗುತ್ತಾನೆ ಎಂಬ ದೊಡ್ಡ ಪ್ರಶ್ನೆಗೆ ಆ ಕಾಲದವರು ಕಂಡುಕೊಂಡ ಉತ್ತರ ಅದು. ತಮ್ಮದೇ ತಲೆ ಓಡಿಸಿ ಕಂಡುಕೊಂಡದ್ದು. ಅದನ್ನು ಅಳಿಸಿ ನಮ್ಮ ಪಠ್ಯಪುಸ್ತಕವನ್ನು ಅಲ್ಲಿ ತುರುಕಿದರೆ ಅವರ ಯೋಚನೆಯೇ ನಮಗೆ ಕೇಳಿಸದೆ ಹೋಗುತ್ತದೆ. ಈ ಮಾತು ಬರುವ ಸಂದರ್ಭವೂ ಬೇರೆ: ಅಗ್ನಿಷ್ಟೋಮ ಯಾಗವನ್ನು ಅವಸರ ಮಾಡದೆ ಹಗಲಿನ ಜೊತೆಗೆ ಸಾಗಿಸಬೇಕು ಎಂದು ಹೇಳುವ ಜಾಗ ಅದು.

ಇದಕ್ಕೆ ಇನ್ನೂ ಒಂದು ಸಾಕ್ಷಿ ಕೊಡುತ್ತೇನೆ. "ಸೂರ್ಯನಿಗೆ ಉದಯವೂ ಇಲ್ಲ, ಅಸ್ತವೂ ಇಲ್ಲ, ಕಾಣುವುದಕ್ಕೆ ಉದಯ, ಕಾಣದೆ ಹೋಗುವುದಕ್ಕೆ ಅಸ್ತ ಎಂದು ಹೆಸರು." ಇದು ವಿಷ್ಣು ಪುರಾಣದ ಎರಡನೇ ಅಂಶದ್ದು. ಅದೇ ಅಧ್ಯಾಯದಲ್ಲಿ ಸೂರ್ಯ ರಥದಲ್ಲಿ ಕೂತು ಮೇರುವಿನ ಸುತ್ತ ತಿರುಗುತ್ತಾನೆ, ಒಂದು ಕಡೆಯವರಿಗೆ ಮಧ್ಯಾಹ್ನವಾದಾಗ ಎದುರು ಕಡೆಯವರಿಗೆ ಮಧ್ಯರಾತ್ರಿ. ಅಂದರೆ ಭೂಮಿಯನ್ನು ಅಲ್ಲಾಡಿಸದೆಯೇ ಈ ಮಾತನ್ನು ಹೇಳಬಹುದು, ಹೇಳಿದ್ದಾರೆ.

ಪುರಾಣದ ಈ ಲೋಕಚಿತ್ರ ಬಹಳ ವಿವರವಾಗಿದೆ. ಚಪ್ಪಟೆ ಭೂಮಿ, ನಡುವೆ ಜಂಬೂದ್ವೀಪ, ಅದರ ನಡುವೆ ಮೇರು. ಭೂಮಿಯಿಂದ ಲಕ್ಷ ಯೋಜನ ಮೇಲೆ ಸೂರ್ಯ. ಸೂರ್ಯನಿಂದ ಲಕ್ಷ ಯೋಜನ ಮೇಲೆ ಚಂದ್ರ. ಚಂದ್ರನಿಂದ ಲಕ್ಷ ಯೋಜನ ಮೇಲೆ ನಕ್ಷತ್ರ ಮಂಡಲ. ಬುಧ, ಶುಕ್ರ, ಮಂಗಳ, ಗುರು, ಶನಿ ಅದಕ್ಕೂ ಮೇಲೆ. ಎಲ್ಲಕ್ಕಿಂತ ಮೇಲೆ ಧ್ರುವ. ಸೂರ್ಯನಿಗಿಂತ ಚಂದ್ರ ದೂರ ಇದ್ದರೆ ಸೂರ್ಯಗ್ರಹಣ ಹೇಗಾಗುತ್ತದೆ? 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ, ಕೊಡಗಿನಲ್ಲಿ ನಿಂತು ಬಳೆಯಂಥ ಸೂರ್ಯನನ್ನು ನೋಡಿದವರಿಗೆ ಚಂದ್ರ ಮುಂದೆ ಬಂದದ್ದು ಕಂಡಿತು. ದೂರದ ಚಂದ್ರ ಹತ್ತಿರದ ಸೂರ್ಯನನ್ನು ಮರೆಮಾಡಲಾರ.

ಇದನ್ನು ಹೊರಗಿನವರು ಬಂದು ನಮಗೆ ಹೇಳಬೇಕಾಗಿರಲಿಲ್ಲ. ನಮ್ಮ ಸಿದ್ಧಾಂತಿಗಳೇ, ಅಂದರೆ ಆಕಾಶದ ಲೆಕ್ಕ ಮಾಡುತ್ತಿದ್ದ ಗಣಿತಜ್ಞರೇ, ಹೇಳಿದ್ದರು. ಎಂಟನೇ ಶತಮಾನದ ಲಲ್ಲ ಪುರಾಣದ ಭೂಗೋಳವನ್ನು ಒಂದೊಂದಾಗಿ ಪ್ರಶ್ನಿಸುತ್ತಾನೆ. 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯರು ಗೋಳಾಧ್ಯಾಯದಲ್ಲಿ ಕೇಳುತ್ತಾರೆ: ಭೂಮಿ ಕನ್ನಡಿಯ ಹಾಗೆ ಚಪ್ಪಟೆಯಾಗಿದ್ದರೆ, ಮೇಲೆ ದೂರದಲ್ಲಿ ಸುತ್ತುವ ಸೂರ್ಯ ದೇವತೆಗಳಿಗೆ ಕಾಣುವಂತೆ ಮನುಷ್ಯರಿಗೂ ಯಾವಾಗಲೂ ಯಾಕೆ ಕಾಣುವುದಿಲ್ಲ? (ಅವರ ಊರು ವಿಜ್ಜಡವಿಡ. ಅದು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ, ಮಹಾರಾಷ್ಟ್ರದ ಕಡೆ ಎನ್ನುವವರೂ ಇದ್ದಾರೆ.) ಆಕರ್ಷಣೆಯ ಮಾತು ಬೇಕೆಂದರೂ ಇಲ್ಲಿಗೇ ಬರಬೇಕು. ಭೂಮಿಗೆ ಸೆಳೆಯುವ ಶಕ್ತಿ ಇದೆ, ಆಕಾಶದಲ್ಲಿರುವ ಭಾರದ ವಸ್ತುವನ್ನು ಅದು ತನ್ನ ಕಡೆ ಎಳೆದುಕೊಳ್ಳುತ್ತದೆ, ಅದು ಬೀಳುತ್ತಿರುವಂತೆ ನಮಗೆ ತೋರುತ್ತದೆ ಎಂದು ಭಾಸ್ಕರಾಚಾರ್ಯರು ಸ್ಪಷ್ಟವಾಗಿ ಬರೆದಿದ್ದಾರೆ. ಸೂರ್ಯ ಗ್ರಹಗಳನ್ನು ಸೆಳೆಯುತ್ತಾನೆ ಎಂದು ಅವರು ಹೇಳಿಲ್ಲ, ನ್ಯೂಟನ್ನನ ಲೆಕ್ಕವೂ ಅದಲ್ಲ. ಆದರೆ ಪದ ಒಡೆದು ಹೊರಡಿಸಿದ ಅರ್ಥ ಅಲ್ಲ ಇದು. ಅವರೇ ಹೇಳಿದ ಮಾತು.

ಈಗ ಆರ್ಯಭಟನಿಗೆ ಬರೋಣ. ನಿಮ್ಮ ತರಗತಿಗೆ ಹೆಚ್ಚು ಉಪಯೋಗ ಆಗುವುದು ಇವನೇ. 499ರ ಹೊತ್ತಿಗೆ, ಇಪ್ಪತ್ತಮೂರು ವಯಸ್ಸಿನವನು, ಭೂಮಿ ತನ್ನಷ್ಟಕ್ಕೇ ತಿರುಗುತ್ತದೆ ಎಂದ. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದ ಮೇಲಿನ ನಿಂತ ವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುತ್ತವೆ, ಹಾಗೆಯೇ ನಿಂತ ನಕ್ಷತ್ರಗಳು ಪಶ್ಚಿಮಕ್ಕೆ ಹೋಗುವಂತೆ ಕಾಣುತ್ತವೆ. ಸುಮ್ನೆ ಹೇಳಿ ಬಿಡಲಿಲ್ಲ, ಸಂಖ್ಯೆಯನ್ನೂ ಕೊಟ್ಟ. 43,20,000 ವರ್ಷಗಳ ಒಂದು ಯುಗದಲ್ಲಿ ಭೂಮಿ 158,22,37,500 ಸಲ ತಿರುಗುತ್ತದೆ, ಅಷ್ಟರಲ್ಲಿ 157,79,17,500 ದಿನಗಳು ಕಳೆಯುತ್ತವೆ. ಮಕ್ಕಳ ಕೈಯಲ್ಲಿ ಭಾಗಾಕಾರ ಮಾಡಿಸಿ. ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4.1 ಸೆಕೆಂಡ್ ಬರುತ್ತದೆ. ಇವತ್ತಿನ ಅಳತೆಯೂ 23 ಗಂಟೆ 56 ನಿಮಿಷ 4.1 ಸೆಕೆಂಡೇ. ನನಗೆ ಈ ಲೆಕ್ಕ ಎಷ್ಟು ಸಲ ಮಾಡಿದರೂ ಮೈ ಜುಮ್ಮೆನ್ನುತ್ತದೆ.

ಆದರೆ ಇಲ್ಲೂ ಅಳತೆ ಮೀರಬಾರದು. ಆರ್ಯಭಟನ ಭೂಮಿ ತಿರುಗುತ್ತದೆ, ಸೂರ್ಯನನ್ನು ಸುತ್ತುವುದಿಲ್ಲ. ಆ ಯುಗದಲ್ಲಿ 43,20,000 ಸುತ್ತು ಹಾಕುವವನು ಸೂರ್ಯ. ಇನ್ನೂ ಒಂದು ವಿಷಯ ಗಮನಿಸಿ. ಇಷ್ಟು ದೊಡ್ಡ ಮಾತಿಗೆ ಅವನು ಒಂದು ವೇದಮಂತ್ರವನ್ನೂ ಸಾಕ್ಷಿಗೆ ಕರೆಯಲಿಲ್ಲ. ಪರಬ್ರಹ್ಮಕ್ಕೆ ನಮಸ್ಕರಿಸಿ ಶುರು ಮಾಡಿದವನು, ನಾಸ್ತಿಕನಲ್ಲ. ಕೊನೆಯಲ್ಲಿ, ಸರಿ ತಪ್ಪು ತಿಳಿವಳಿಕೆಗಳ ಸಮುದ್ರದಲ್ಲಿ ಮುಳುಗಿದ್ದ ರತ್ನವನ್ನು ಬ್ರಹ್ಮನ ಕೃಪೆಯಿಂದ, ನನ್ನ ಸ್ವಂತ ಬುದ್ಧಿಯ ದೋಣಿಯಿಂದ ಮೇಲೆತ್ತಿದೆ ಎನ್ನುತ್ತಾನೆ. "ಸ್ವಂತ ಬುದ್ಧಿ" ಎಂದು ಅವನೇ ಹೇಳಿರುವಾಗ, ಅದು ಋಗ್ವೇದದಲ್ಲಿ ಮೊದಲೇ ಇತ್ತು ಎನ್ನುವುದು ಅವನಿಗೆ ಮಾಡುವ ಅನ್ಯಾಯ.

ಆ ಮಂತ್ರಗಳ ಅರ್ಥ ಭೂಮಿಯ ಚಲನೆ ಎಂದೇ ಆಗಿದ್ದರೆ, ಮುಂದಿನ ಸಾವಿರ ವರ್ಷ ಅವನ ಮಾತನ್ನು ತಳ್ಳಿಹಾಕುವುದು ಅಷ್ಟು ಸುಲಭ ಆಗುತ್ತಿತ್ತೇ? ವರಾಹಮಿಹಿರ, ಭೂಮಿ ತಿರುಗಿದರೆ ಹಾರಿಹೋದ ಹದ್ದುಗಳು ಗೂಡಿಗೆ ಹೇಗೆ ಮರಳುತ್ತವೆ ಎಂದು ಕೇಳಿದ. ಬ್ರಹ್ಮಗುಪ್ತ 628ರಲ್ಲಿ, ಭೂಮಿ ಮಗುಚುತ್ತಿದ್ದರೆ ಎತ್ತರದ ವಸ್ತುಗಳು ಯಾಕೆ ಬೀಳುವುದಿಲ್ಲ ಎಂದು ಕೇಳಿದ. ಇಬ್ಬರೂ ವೇದ ತಿಳಿದ ಪರಂಪರೆಯವರು. ಬ್ರಹ್ಮಗುಪ್ತನಂತೂ ಬೇಕಾದಾಗ ವೇದವನ್ನು ಮುಂದಿಟ್ಟವನೇ. ಗ್ರಹಣಕ್ಕೆ ರಾಹು ಕಾರಣ ಅಲ್ಲ ಎಂದವರನ್ನು ಅವನು ವೇದ, ಸ್ಮೃತಿಗಳಿಗೆ ವಿರುದ್ಧವಾದವರು ಎಂದು ಟೀಕಿಸಿದ, ಸ್ವರ್ಭಾನು ಎಂಬ ಅಸುರ ಸೂರ್ಯನನ್ನು ಕತ್ತಲೆಯಿಂದ ಹೊಡೆದ ಎಂಬ ವೇದವಾಕ್ಯವನ್ನು ನೆನಪಿಸಿದ. ಆದರೆ ಗ್ರಹಣದ ಲೆಕ್ಕ ಮಾಡುವಾಗ ಅವನೂ ಭೂಮಿಯ ನೆರಳನ್ನೇ ಹಿಡಿದ. ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದ ಮಧ್ಯ ಏಷ್ಯಾದ ವಿದ್ವಾಂಸ ಅಲ್‌ಬಿರೂನಿ, ಇಷ್ಟು ಬಲ್ಲವನು ಯಾಕೆ ಹೀಗೆ ಬರೆದ ಎಂದು ಬೇಸರಪಟ್ಟಿದ್ದಾನೆ. ಇದನ್ನು ಯಾಕೆ ಹೇಳಿದೆ ಎಂದರೆ, ಗ್ರಂಥದ ಮಾತನ್ನು ಆಕಾಶದ ಲೆಕ್ಕಕ್ಕೆ ನಿಜವಾಗಿ ಎಳೆದು ತಂದಾಗ ಏನಾಯಿತು ಎಂಬುದಕ್ಕೆ ನಮ್ಮ ಇತಿಹಾಸದಲ್ಲಿ ಇರುವ ಉದಾಹರಣೆ ಇದು. ಅದು ಲೆಕ್ಕಕ್ಕೆ ನೆರವಾಗಲಿಲ್ಲ, ತೊಡಕಾಯಿತು.

ಯುರೋಪಿನಲ್ಲೂ ಇದೇ ತೊಡಕು, ಅಲ್ಲಿ ಅದು ಕೋರ್ಟಿಗೆ ಹೋಯಿತು. ಬೈಬಲಿನಲ್ಲಿ ಯೆಹೋಶುವ ಸೂರ್ಯನಿಗೆ ನಿಲ್ಲು ಎನ್ನುತ್ತಾನೆ. ಹಾಗಾದರೆ ಸೂರ್ಯ ಚಲಿಸುತ್ತಿರಬೇಕು ಎಂದು ವಾದ. 1616ರಲ್ಲಿ ರೋಮಿನ ಚರ್ಚು ಕೋಪರ್ನಿಕಸ್‌ನ ಪುಸ್ತಕವನ್ನು ತಿದ್ದುವ ತನಕ ತಡೆಹಿಡಿಯಿತು, 1633ರಲ್ಲಿ ಗೆಲಿಲಿಯೋಗೆ ಶಿಕ್ಷೆ ಆಯಿತು. ಅವನು 1615ರಲ್ಲೇ ಒಂದು ದೀರ್ಘ ಪತ್ರದಲ್ಲಿ, ಧರ್ಮಗ್ರಂಥ ಇರುವುದು ಸ್ವರ್ಗಕ್ಕೆ ಹೋಗುವ ದಾರಿ ಹೇಳಲು, ಆಕಾಶ ಹೇಗೆ ಚಲಿಸುತ್ತದೆ ಎಂದು ಹೇಳಲು ಅಲ್ಲ ಎಂಬ ಮಾತನ್ನು ಉದ್ಧರಿಸಿದ್ದ. ನಂಬಿಕಸ್ಥ ಕ್ರೈಸ್ತನೇ ಅವನು. ನಮ್ಮಲ್ಲಿ ಆರ್ಯಭಟನನ್ನು ಯಾರೂ ವಿಚಾರಣೆಗೆ ನಿಲ್ಲಿಸಲಿಲ್ಲ. ಇದನ್ನು ಮಕ್ಕಳಿಗೆ ಹೆಮ್ಮೆಯಿಂದ ಹೇಳಿ, ಇದು ನಿಜವಾದ ಹೆಮ್ಮೆ.

ಇನ್ನೊಬ್ಬನ ಹೆಸರನ್ನು ಹೇಳದೆ ಮುಗಿಸಲಾರೆ. ಕೇರಳದ ತೃಕ್ಕಂಡಿಯೂರಿನ ನೀಲಕಂಠ ಸೋಮಯಾಜಿ, ಹುಟ್ಟಿದ್ದು 1444ರಲ್ಲಿ. ಹೆಸರೇ ಹೇಳುವಂತೆ ಸೋಮಯಾಗ ಮಾಡಿದವನು, ವೇದ ಓದಿದವನು. ಹಳೆಯ ಲೆಕ್ಕದಲ್ಲಿ ಬುಧನಿಗೆ ಸುಮಾರು 88 ದಿನದ, ಶುಕ್ರನಿಗೆ ಸುಮಾರು 225 ದಿನದ ಒಂದು ಚಕ್ರ ಬರುತ್ತಿತ್ತು, ಅದಕ್ಕೆ ಶೀಘ್ರೋಚ್ಚ ಎಂದು ಹೆಸರು. ನಿಮಗೆ ಆ ಸಂಖ್ಯೆಗಳು ಗೊತ್ತಲ್ಲ, ಅವು ಸೂರ್ಯನನ್ನು ಸುತ್ತಲು ತೆಗೆದುಕೊಳ್ಳುವ ಕಾಲ. ನೀಲಕಂಠ ಸುಮಾರು 1500ರಲ್ಲಿ ಬರೆದ ತಂತ್ರಸಂಗ್ರಹದಲ್ಲಿ ಈ ಎರಡು ಗ್ರಹಗಳ ಲೆಕ್ಕವನ್ನು ತಿದ್ದಿದ. ಆಮೇಲೆ ಐದೂ ಗ್ರಹಗಳು ಸೂರ್ಯನನ್ನು ಸುತ್ತುತ್ತವೆ, ಸೂರ್ಯ ಅವನ್ನು ಕಟ್ಟಿಕೊಂಡು ಭೂಮಿಯನ್ನು ಸುತ್ತುತ್ತಾನೆ ಎಂಬ ಚಿತ್ರಕ್ಕೆ ಬಂದ. ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆ ಇಂಥದ್ದೇ ಚಿತ್ರವನ್ನು ಪ್ರಕಟಿಸಿದ್ದು 1588ರಲ್ಲಿ. ನಮ್ಮ ಹಳೆಯ ಗ್ರಂಥಗಳಲ್ಲಿ ಸೂರ್ಯಕೇಂದ್ರಕ್ಕೆ ಇಷ್ಟು ಹತ್ತಿರ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಜ್ಯೋತಿರ್ಮೀಮಾಂಸೆ ಎಂಬ ಪುಸ್ತಕದಲ್ಲಿ ಅವನು, ಲೆಕ್ಕ ಆಕಾಶಕ್ಕೆ ಹೊಂದದೆ ಹೋದಾಗ ನೋಡಿ ಪರೀಕ್ಷಿಸಿ ತಿದ್ದಬೇಕು ಎನ್ನುತ್ತಾನೆ. ದೇವರ ಅನುಗ್ರಹ ಎಂದರೆ ಬುದ್ಧಿ ತಿಳಿಯಾಗುವುದು, ಬ್ರಹ್ಮನೇ ಎದುರು ಬಂದು ಪಾಠ ಹೇಳುತ್ತಾನೆ ಎಂದಲ್ಲ ಎನ್ನುತ್ತಾನೆ.

ಇನ್ನು ನಿಮ್ಮ ತರಗತಿ. ಆ ಹುಡುಗನನ್ನು "ಅದೆಲ್ಲ ಸುಳ್ಳು" ಎಂದು ಕೂರಿಸಬೇಡಿ. ಮಂತ್ರ ಸುಳ್ಳಲ್ಲ, ಮೆಸೇಜಿನ ಅರ್ಥ ತಪ್ಪು. 35ನೇ ಸೂಕ್ತದ ಹನ್ನೊಂದೂ ಮಂತ್ರಗಳ ಕನ್ನಡ ಅರ್ಥವನ್ನು ಲೈಬ್ರರಿಯಿಂದ ತಂದು ಓದಲು ಹೇಳಿ. ಯಾರು ಚಲಿಸುತ್ತಿದ್ದಾರೆ ಎಂದು ಅವನೇ ಹುಡುಕಲಿ. ಅಜ್ಜಿಯ ಮೇರು ಪರ್ವತದ ಕತೆಯನ್ನು ಆ ಹುಡುಗಿ ಪೂರ್ತಿ ಹೇಳಲಿ, ಬೋರ್ಡಿನ ಮೇಲೆ ಚಿತ್ರ ಬರೆಯಲಿ. ಆಮೇಲೆ ಭಾಸ್ಕರಾಚಾರ್ಯರ ಪ್ರಶ್ನೆ ಕೇಳಿ, ಗ್ರಹಣದ ಪ್ರಶ್ನೆ ಕೇಳಿ. ಶುಕ್ರ ಸಂಜೆ ಕಾಣುವ ತಿಂಗಳುಗಳಲ್ಲಿ ಮಕ್ಕಳಿಗೆ ಅದನ್ನು ನೋಡುತ್ತಾ ಬರಲು ಹೇಳಿ. ಅದು ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ಜಾಸ್ತಿ ದೂರ ಹೋಗುವುದೇ ಇಲ್ಲ, ಬುಧ ಸುಮಾರು 28 ಡಿಗ್ರಿ. ಯಾಕೆ ಎಂದು ಕೇಳಿ. ಕೊನೆಗೆ ಆರ್ಯಭಟನ ದೋಣಿಯ ಮಾತನ್ನೂ ಬ್ರಹ್ಮಗುಪ್ತನ ಆಕ್ಷೇಪವನ್ನೂ ಅಕ್ಕಪಕ್ಕ ಬರೆಯಿರಿ. ಭೂಮಿ ತಿರುಗಿದರೆ ಎತ್ತರದ ವಸ್ತುಗಳು ಯಾಕೆ ಬೀಳುವುದಿಲ್ಲ, ಹದ್ದು ಗೂಡಿಗೆ ಹೇಗೆ ಮರಳುತ್ತದೆ? ಒಂಬತ್ತನೇ ತರಗತಿಯಲ್ಲಿ ಜಡತ್ವ, ಗುರುತ್ವ ಎರಡೂ ಪಾಠ ಆಗಿರುತ್ತವೆ. ಉತ್ತರವನ್ನು ಅವರೇ ಕೊಡಲಿ.